ಪುಟ್ಟ ರೇಸ್ ಸ್ಕೂಟರಿನ ಎಂಜಿನ್‌ಗೆ ಬಿಡಿಭಾಗ ಆರಿಸುವುದು: ಮೊದಲು ಆರ್‌ಪಿಎಂ, ಆಮೇಲೆ ಖರೀದಿ

ಎಂಜಿನ್ ಕಟ್ಟಿಸಿಕೊಳ್ಳಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ದೊಡ್ಡ ಕಾರ್ಬೊರೇಟರ್, ರೇಸಿಂಗ್ ಸೈಲೆನ್ಸರ್, ಕಾರ್ಬನ್ ರೀಡು (ಎಂಜಿನ್ ಒಳಗೆ ಮಿಶ್ರಣ ಬಿಡುವ ಕವಾಟದ ಎಲೆ), ಹಗುರ ರೋಲರು (ಬೆಲ್ಟಿನ ಪುಲ್ಲಿಯನ್ನು ತಳ್ಳುವ ತೂಕದ ಉರುಳೆ). ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಒಳ್ಳೆಯ ಮಾಲೇ. ಎಲ್ಲ ಸೇರಿ ಒಂದೇ ಗಾಡಿಯಲ್ಲಿ ಕೂತಾಗ ಮಾತ್ರ ಅದು ಕಂಪನಿಯಿಂದ ಬಂದದ್ದಕ್ಕಿಂತ ನಿಧಾನ ಓಡುತ್ತದೆ. ಸೈಲೆನ್ಸರ್ 13,000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾಡಿದ್ದು, ಸಿಲಿಂಡರಿನ ಗೋಡೆಯ ಕಿಂಡಿಗಳಾದ ಪೋರ್ಟುಗಳು 9,500ಕ್ಕೆ ಕೊರೆದವು, ರೋಲರುಗಳು ಎಂಜಿನ್ನನ್ನು 8,000ದಲ್ಲೇ ಹಿಡಿದು ನಿಲ್ಲಿಸಿವೆ. ಮೂರೂ ಮೂರು ದಿಕ್ಕಿಗೆ ಎಳೆದರೆ ಗಾಡಿ ಎಲ್ಲಿಗೆ ಹೋಗಬೇಕು?

ಹಾಗಾಗಿ ನಾನು ಪಟ್ಟಿ ನೋಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ದುಡಿಯಬೇಕು? ಆ ಒಂದು ಅಂಕಿಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಮುಂದೆ ಕೊಳ್ಳುವ ಪ್ರತಿ ಸಾಮಾನೂ ಆ ಅಂಕಿಗೆ ಉತ್ತರ ಕೊಡಬೇಕು. ಕೊಡದಿದ್ದರೆ, ಎಷ್ಟೇ ಹೆಸರಾಂತ ಕಂಪನಿಯದಾದರೂ ನಿಮ್ಮ ಎಂಜಿನ್‌ಗೆ ಅದು ಬೇಡ.

ನಾನು ಹೇಳುತ್ತಿರುವುದು 50 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಬೆಲ್ಟು ಮತ್ತು ವೇರಿಯೇಟರ್ (ಬೆಲ್ಟಿನ ಅನುಪಾತವನ್ನು ತಾನೇ ಬದಲಿಸುವ ಪುಲ್ಲಿ) ಇರುವ, ಟ್ರ್ಯಾಕಿನಲ್ಲಿ ಮಾತ್ರ ಓಡುವ ಸ್ಕೂಟರಿನ ಮಾತು. ರಸ್ತೆಗೆ ಇಳಿಯುವ ಗಾಡಿಗೆ ಇದರಲ್ಲಿ ಒಂದನ್ನೂ ಹಾಕಬೇಡಿ. ಅದರ ಬ್ರೇಕು, ಚಾಸಿ, ಟೈರು ಯಾವುದೂ ಆ ವೇಗಕ್ಕೆ ಮಾಡಿದ್ದಲ್ಲ, ಕಾನೂನೂ ಒಪ್ಪುವುದಿಲ್ಲ.

ಅಂಕಿ ಗೊತ್ತು ಮಾಡುವುದು

ಮೊದಲು ನೀವು ಇಳಿಯುವ ಸ್ಪರ್ಧೆಯ ನಿಯಮ ಪುಸ್ತಕ ಓದಿ. ಎಷ್ಟು ಸಿಸಿಗೆ ಅವಕಾಶ, ಕಾರ್ಬೊರೇಟರ್ ಎಷ್ಟು ಮಿ.ಮೀ. ಮೀರಬಾರದು, ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ಕಂಪನಿಯದೇ ಇರಬೇಕೆ, ಶಬ್ದಕ್ಕೆ ಮಿತಿ ಇದೆಯೆ ಎಂಬುದನ್ನು ತಿಳಿದುಕೊಳ್ಳದೆ ಒಂದು ಬೋಲ್ಟನ್ನೂ ಕೊಳ್ಳಬೇಡಿ. ಎಂಜಿನ್ ಬಿಚ್ಚಿ ಪರೀಕ್ಷಿಸುವ ಸ್ಪರ್ಧೆಗಳಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾದರೂ ಗೆದ್ದದ್ದು ಹೋಗುತ್ತದೆ.

ಆಮೇಲೆ ಟ್ರ್ಯಾಕು ನೋಡಿ. ಉದ್ದ ನೇರ ಹಾದಿ ಇರುವ ಕಡೆ ಹೆಚ್ಚು ಆರ್‌ಪಿಎಂ ಎಂಜಿನ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ತಿರುವಿನ ಮೇಲೆ ತಿರುವು ಇರುವ ಚಿಕ್ಕ ಟ್ರ್ಯಾಕಿನಲ್ಲಿ, ಥ್ರಾಟಲ್ ಬಿಟ್ಟು ಮತ್ತೆ ತಿರುಗಿಸಿದ ಕೂಡಲೇ ಎಳೆಯುವ ಎಂಜಿನ್ನೇ ಗೆಲ್ಲುವುದು. ನನ್ನ ಲೆಕ್ಕ ಹೀಗಿದೆ: 9,000ದಿಂದ 10,000 ಕಲಿಯುವವರಿಗೆ, 11,000ದಿಂದ 12,000 ನಿಯಮಿತವಾಗಿ ರೇಸ್ ಮಾಡುವವರಿಗೆ, 13,000 ದಾಟಿದ್ದು ಪ್ರತಿ ರೇಸಿನ ನಂತರ ಎಂಜಿನ್ ಬಿಚ್ಚಿ ನೋಡುವ ತಾಳ್ಮೆ ಇರುವವರಿಗೆ.

ತಾಳ್ಮೆ ಯಾಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಸಾಕು. ಇಟಲಿಯ ಮಿನರೆಲ್ಲಿ ಕಂಪನಿಯ ಬಗೆಯ ಎಂಜಿನ್‌ಗಳಲ್ಲಿ ಬೋರು (ಸಿಲಿಂಡರಿನ ಒಳವ್ಯಾಸ) 40 ಮಿ.ಮೀ., ಸ್ಟ್ರೋಕು (ಪಿಸ್ಟನ್ನಿನ ಓಟ) 39.2 ಮಿ.ಮೀ. ಒಂದು ಸುತ್ತಿಗೆ ಪಿಸ್ಟನ್ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಅಷ್ಟು ದೂರ ಓಡುತ್ತದೆ. 11,500 ಆರ್‌ಪಿಎಂನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್. 14,000ದಲ್ಲಿ 18 ಮೀಟರ್ ದಾಟುತ್ತದೆ. ವೇಗ ಇಷ್ಟೇ ಏರಿದಂತೆ ಕಂಡರೂ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಆ ಓಟವನ್ನು ಸುತ್ತಾಗಿಸುವ ದಂಡ) ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 11,500ರಿಂದ 14,000ಕ್ಕೆ ಹೋದರೆ ಸುಮಾರು ಒಂದೂವರೆ ಪಟ್ಟು. ಬೇರಿಂಗುಗಳ ಆಯುಸ್ಸು ಅಲ್ಲಿಯೇ ಕರಗುವುದು.

ನನ್ನ ಅಕ್ಕನ ಮಗ ಓಡಿಸುವ ಗಾಡಿಗೆ ನಾವು ಗೊತ್ತು ಮಾಡಿಕೊಂಡ ಅಂಕಿ 11,500. ಅವನ ಟ್ರ್ಯಾಕು ಚಿಕ್ಕದು, ಅವನು ಹಗುರ ಮೈಯವನು, ಎಂಜಿನ್ ಋತುವಿಡೀ ಬಾಳಬೇಕು. ಮುಂದಿನ ಲೆಕ್ಕಗಳನ್ನೆಲ್ಲ ಅದೇ ಅಂಕಿ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಬೇರೆಯಾದರೆ ಅದನ್ನು ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಸಿಲಿಂಡರ್ ಮತ್ತು ಸೈಲೆನ್ಸರ್: ಇವೆರಡನ್ನೂ ಜೊತೆಯಲ್ಲೇ ಆರಿಸಿ

ಹಣದ ಹೆಚ್ಚಿನ ಪಾಲು ಹೋಗಬೇಕಾದ ಜಾಗ ಇದು. ಉಳಿದದ್ದೆಲ್ಲ ಇವೆರಡಕ್ಕೆ ಸೇವೆ ಮಾಡುವ ಸಾಮಾನುಗಳು.

50 ಸಿಸಿ ಎಂಜಿನ್‌ಗೆ ಕೂರಿಸಲು 70 ಸಿಸಿ ಎಂದು ಮಾರುವ ಕಿಟ್‌ಗಳಲ್ಲಿ (ದೊಡ್ಡ ಸಿಲಿಂಡರ್, ಪಿಸ್ಟನ್ನಿನ ಜೋಡಿ) ಬೋರು 47 ಅಥವಾ 47.6 ಮಿ.ಮೀ. ಇರುತ್ತದೆ. 39.2 ಸ್ಟ್ರೋಕಿಗೆ ಮೊದಲನೆಯದು 68 ಸಿಸಿ, ಎರಡನೆಯದು 69.8 ಸಿಸಿ. ಈ ಎರಡು ಸಿಸಿಯ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದದ್ದು ಪೋರ್ಟುಗಳನ್ನು. ಕ್ರ್ಯಾಂಕಿನ ಒಂದು ಸುತ್ತಿನಲ್ಲಿ, ಹೊಗೆ ಹೊರಡುವ ಎಕ್ಸಾಸ್ಟ್ ಪೋರ್ಟು ಎಷ್ಟು ಡಿಗ್ರಿ ತೆರೆದಿರುತ್ತದೆ, ಕ್ರ್ಯಾಂಕ್‌ಕೇಸಿನಿಂದ ಹೊಸ ಮಿಶ್ರಣ ತರುವ ಟ್ರಾನ್ಸ್‌ಫರ್ ಪೋರ್ಟುಗಳು ಎಷ್ಟು ಡಿಗ್ರಿ ತೆರೆದಿರುತ್ತವೆ ಎಂಬ ಎರಡು ಅಂಕಿ ಸಿಕ್ಕರೆ ಆ ಸಿಲಿಂಡರಿನ ಸ್ವಭಾವ ಅರ್ಧ ತಿಳಿದಂತೆ. ಮಾರುವವರು ಹೇಳದಿದ್ದರೆ ಕ್ರ್ಯಾಂಕಿಗೆ ಡಿಗ್ರಿ ಬಿಲ್ಲೆ ಸಿಕ್ಕಿಸಿ ನೀವೇ ಅಳೆಯಿರಿ. ಹೇಳಿದರೂ ಅಳೆಯಿರಿ. ಬೇಸ್ ಪ್ಯಾಕಿಂಗ್ ದಪ್ಪ ಬದಲಾದರೆ ಸಾಕು, ಅಂಕಿ ಸರಿಯುತ್ತದೆ.

ಎಕ್ಸಾಸ್ಟ್ 190 ಡಿಗ್ರಿ, ಟ್ರಾನ್ಸ್‌ಫರ್ 130 ಡಿಗ್ರಿ ಎಂದಿಟ್ಟುಕೊಳ್ಳಿ. ವ್ಯತ್ಯಾಸದ ಅರ್ಧ, ಅಂದರೆ 30 ಡಿಗ್ರಿ, ಎಕ್ಸಾಸ್ಟ್ ತೆರೆದ ಮೇಲೆ ಟ್ರಾನ್ಸ್‌ಫರ್ ತೆರೆಯುವ ಮೊದಲು ಸಿಗುವ ಅವಧಿ. ಸುಟ್ಟ ಗ್ಯಾಸಿನ ಒತ್ತಡ ಈ ಅವಧಿಯಲ್ಲೇ ಇಳಿಯಬೇಕು. ಇಳಿಯದಿದ್ದರೆ ಟ್ರಾನ್ಸ್‌ಫರ್ ತೆರೆದೊಡನೆ ಹೊಗೆ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. 11,500 ಆರ್‌ಪಿಎಂನಲ್ಲಿ ಆ 30 ಡಿಗ್ರಿಗೆ ಸಿಗುವ ಸಮಯ ಒಂದು ಮಿಲಿಸೆಕೆಂಡಿನ ಅರ್ಧಕ್ಕೂ ಕಡಿಮೆ. ಹೆಚ್ಚು ಆರ್‌ಪಿಎಂ ಬೇಕೆಂದರೆ ಎಕ್ಸಾಸ್ಟ್ ಪೋರ್ಟನ್ನು ಎತ್ತರಿಸಬೇಕು ಅಥವಾ ಅಗಲಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಅಗಲಕ್ಕೂ ಮಿತಿ ಇದೆ. ಒಂದೇ ಕಿಂಡಿಯ ಪೋರ್ಟು ಬೋರಿನ ಅಗಲದ ಶೇ. 70ರ ಹತ್ತಿರ ಬಂದರೆ ರಿಂಗು ಹೊರಗೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುವ ಅಪಾಯ ಶುರು. ಅದಕ್ಕೇ ದೊಡ್ಡ ಕಿಟ್‌ಗಳಲ್ಲಿ ಮಧ್ಯದ ಕಿಂಡಿಯ ಎರಡು ಪಕ್ಕ ಚಿಕ್ಕ ಸಹಾಯಕ ಕಿಂಡಿಗಳಿರುತ್ತವೆ.

ಈಗ ಸೈಲೆನ್ಸರ್. ಟೂ-ಸ್ಟ್ರೋಕಿನ ಹೊಟ್ಟೆಯುಬ್ಬಿದ ಪೈಪು ಹೊಗೆ ಹೊರಹಾಕುವ ನಳಿಕೆ ಮಾತ್ರ ಅಲ್ಲ, ಅದು ಎಂಜಿನ್‌ನ ಕೆಲಸ ಮಾಡುವ ಅಂಗ. ಪೋರ್ಟು ತೆರೆದಾಗ ಹೊರಟ ಒತ್ತಡದ ಅಲೆ ಹಿಂದಿನ ಕೋನಿಗೆ ಬಡಿದು ಮರಳಿ ಬಂದು, ಎಕ್ಸಾಸ್ಟಿಗೆ ನುಸುಳಿದ ಹೊಸ ಮಿಶ್ರಣವನ್ನು ಪೋರ್ಟು ಮುಚ್ಚುವ ಮೊದಲು ಸಿಲಿಂಡರಿಗೆ ವಾಪಸು ತಳ್ಳುತ್ತದೆ. ಸಮಯಕ್ಕೆ ಸರಿಯಾಗಿ ಬಂದರೆ ಶಕ್ತಿ. ಬೇಗ ಬಂದರೂ ತಡವಾಗಿ ಬಂದರೂ ನಷ್ಟ. ಈ ವಿದ್ಯೆಯನ್ನು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಹದಕ್ಕೆ ತಂದರು. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು, ಅಂದರೆ ಲೀಟರಿಗೆ 200. ಅದೇ ವರ್ಷ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದರು. 1962ರಲ್ಲಿ 50 ಸಿಸಿ ವರ್ಗದ ಮೊತ್ತಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಸುಜುಕಿ ಓಡಿಸಿ ಗೆದ್ದರು. ನಾವು ಇಂದು ಸ್ಕೂಟರಿಗೆ ಕಟ್ಟುವ ಪ್ರತಿ ಪೈಪಿನಲ್ಲೂ ಕಾಡೆನ್ ಅವರ ಆ ದುಡಿಮೆ ಇದೆ ಎಂದು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಪೈಪಿನ ಉದ್ದವನ್ನು ನೀವೇ ಪರೀಕ್ಷಿಸಬಹುದು. ಎಕ್ಸಾಸ್ಟ್ 190 ಡಿಗ್ರಿ ತೆರೆದಿದ್ದರೆ, 11,500 ಆರ್‌ಪಿಎಂನಲ್ಲಿ ಅದು ತೆರೆದಿರುವ ಸಮಯ 2.75 ಮಿಲಿಸೆಕೆಂಡು. ಬಿಸಿ ಗ್ಯಾಸಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 510 ಮೀಟರ್ ಓಡುತ್ತದೆ ಎಂದು ಹಿಡಿದರೆ ಅಷ್ಟರಲ್ಲಿ ಅದು ಕ್ರಮಿಸುವುದು 140 ಸೆಂ.ಮೀ. ಹೋಗಿ ಬರಬೇಕಲ್ಲ, ಅದಕ್ಕೆ ಅರ್ಧ: 70 ಸೆಂ.ಮೀ. ಪಿಸ್ಟನ್ನಿನ ಮುಖದಿಂದ ಹಿಂದಿನ ಕೋನಿನ ಮಧ್ಯದವರೆಗೆ ಪೈಪಿನ ನಡುಗೆರೆಯ ಗುಂಟ ದಾರ ಹಿಡಿದು ಅಳೆದರೆ ಹತ್ತಿರಹತ್ತಿರ ಅಷ್ಟು ಬರಬೇಕು. 9,500ಕ್ಕೆ ಮಾಡಿದ ಪೈಪಾದರೆ 85 ಸೆಂ.ಮೀ. ಬರುತ್ತದೆ. ಹದಿನೈದು ಸೆಂಟಿಮೀಟರ್ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ದಾರ ಸುಳ್ಳು ಹೇಳುವುದಿಲ್ಲ. ಒಂದೇ ಕಂಪನಿಯ ಒಂದೇ ಹಂತದ ಸಿಲಿಂಡರ್ ಮತ್ತು ಪೈಪು ಕೊಂಡರೆ ಈ ಲೆಕ್ಕ ಅವರೇ ಮಾಡಿರುತ್ತಾರೆ. ಮಲೋಸಿ, ಪೊಲಿನಿ, ಸ್ಟೇಜ್6ನಂಥವರು ಕಿಟ್‌ಗಳನ್ನು ಹಂತಹಂತವಾಗಿ ಮಾರುವುದು ಇದೇ ಅನುಕೂಲಕ್ಕೆ. ಬೇರೆಬೇರೆ ಕಡೆಯಿಂದ ಕೊಂಡರೆ ಅಳೆಯುವ ಹೊಣೆ ನಿಮ್ಮದು.

ಎರಕದ ಕಬ್ಬಿಣವೇ, ಅಲ್ಯೂಮಿನಿಯಮ್ಮೇ ಎಂದು ಎಲ್ಲರೂ ಕೇಳುತ್ತಾರೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ಬೋರು ಕಬ್ಬಿಣ ಆದಾಗ ಬಿಸಿಯಲ್ಲಿ ಪಿಸ್ಟನ್ ಬೇಗ ದಪ್ಪಗಾಗಿ ಸೀಜ್ ಆಗುವ (ಕಚ್ಚಿಕೊಂಡು ನಿಲ್ಲುವ) ಸಂಭವ ಹೆಚ್ಚು. ಹಾಗಾಗಿ ಸಂದು ಹೆಚ್ಚು ಬಿಡಬೇಕು. ನಿಕಾಸಿಲ್ ಎಂಬ ಗಡಸು ಲೇಪದ ಅಲ್ಯೂಮಿನಿಯಂ ಬೋರು ಪಿಸ್ಟನ್ನಿನ ಜೊತೆಗೇ ಹಿಗ್ಗುತ್ತದೆ, ಶಾಖವನ್ನೂ ಬೇಗ ಬಿಟ್ಟುಕೊಡುತ್ತದೆ. 11,000 ದಾಟುವ ಎಂಜಿನ್‌ಗೆ ನಾನು ಅಲ್ಯೂಮಿನಿಯಂ ಬಿಟ್ಟು ಬೇರೆ ಹಾಕುವುದಿಲ್ಲ. ಕಲಿಯುವವರಿಗೆ ಮಾತ್ರ ಕಬ್ಬಿಣವನ್ನೇ ಹೇಳುತ್ತೇನೆ, ಮತ್ತು ಮನಸಾರೆ ಹೇಳುತ್ತೇನೆ. ಗೀರು ಬಿದ್ದರೆ ಲೇತಿನವರ ಹತ್ತಿರ ಬೋರು ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿ ಮುಂದುವರಿಯಬಹುದು. ನಿಕಾಸಿಲ್ ಕಿತ್ತುಬಂದರೆ ಮತ್ತೆ ಲೇಪ ಹಾಕಿಸಬೇಕು, ಇಲ್ಲವೇ ಹೊಸ ಸಿಲಿಂಡರ್ ಕೊಳ್ಳಬೇಕು. ಅಲ್ಯೂಮಿನಿಯಂ ಕೊಂಡರೆ ಸಿಲಿಂಡರಿನ ಮೇಲೂ ಪಿಸ್ಟನ್ನಿನ ಮೇಲೂ ಗುರುತಿಸಿರುವ ಎ, ಬಿ, ಸಿ ಅಳತೆ ಅಕ್ಷರ ಹೊಂದುತ್ತದೆಯೇ ನೋಡಿ. ಮುಂದೆ ಪಿಸ್ಟನ್ ಮಾತ್ರ ಬದಲಿಸುವಾಗಲೂ ಅದೇ ಅಕ್ಷರ ಬೇಕು.

ಕ್ರ್ಯಾಂಕು

ಕಿಟ್ ಹಾಕಿದ ಮೇಲೂ ಹಳೆಯ ಕ್ರ್ಯಾಂಕನ್ನೇ ಉಳಿಸಿಕೊಳ್ಳಬಹುದೇ? 10,000ದ ಒಳಗಿನ ಎಂಜಿನ್ನಾದರೆ, ಕ್ರ್ಯಾಂಕು ಆರೋಗ್ಯವಾಗಿದ್ದರೆ, ಹೌದು. ಅದಕ್ಕಿಂತ ಮೇಲಾದರೆ ರೇಸಿಂಗ್ ಕ್ರ್ಯಾಂಕು ಕೊಳ್ಳಿ, ಸಿಲಿಂಡರಿನ ಜೊತೆಗೇ ಕೊಳ್ಳಿ. ಕ್ರ್ಯಾಂಕು ಮುರಿದರೆ ಒಂಟಿಯಾಗಿ ಹೋಗುವುದಿಲ್ಲ, ಕೇಸು, ಪಿಸ್ಟನ್, ಸಿಲಿಂಡರ್ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಕೊಳ್ಳುವಾಗ ಪಿಸ್ಟನ್ ಪಿನ್ನಿನ ಅಳತೆ ನೋಡುವುದನ್ನು ಮರೆಯಬೇಡಿ. ಒಂದೇ ಬಗೆಯ ಎಂಜಿನ್ನಿನಲ್ಲೂ 10 ಮಿ.ಮೀ. ಪಿನ್ನಿನವು, 12 ಮಿ.ಮೀ. ಪಿನ್ನಿನವು ಎರಡೂ ಸಿಗುತ್ತವೆ. ಪಿಸ್ಟನ್ ಒಂದು, ಕ್ರ್ಯಾಂಕು ಇನ್ನೊಂದು ಆದರೆ ಕೆಲಸ ಅಲ್ಲಿಗೇ ನಿಂತಿತು. ರಾಡಿನ ಉದ್ದವನ್ನೂ ಕೇಳಿ: 80 ಮಿ.ಮೀ. ಬದಲು 85 ಮಿ.ಮೀ. ರಾಡಿರುವ ಕ್ರ್ಯಾಂಕು ತಂದರೆ ಅದಕ್ಕೆಂದೇ ಮಾಡಿದ ಸಿಲಿಂಡರ್ ಬೇಕು, ಇಲ್ಲವೇ ಸಿಲಿಂಡರಿನ ಕೆಳಗೆ 5 ಮಿ.ಮೀ. ಸ್ಪೇಸರ್ ಬೇಕು.

ಹೊಸ ಕ್ರ್ಯಾಂಕನ್ನೂ ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಿಂದ ಓಟ (ತಿರುಗುವಾಗಿನ ಓಲಾಟ) ನೋಡಿ. 0.03 ಮಿ.ಮೀ. ಮೀರಿದರೆ ನಾನು ವಾಪಸು ಕೊಡುತ್ತೇನೆ ಅಥವಾ ನೇರ ಮಾಡಿಸುತ್ತೇನೆ. ಮೇನ್ ಬೇರಿಂಗು ಮಿನರೆಲ್ಲಿಯಲ್ಲಿ 6204, ಅಂದರೆ ಒಳಗೆ 20, ಹೊರಗೆ 47, ಅಗಲ 14 ಮಿ.ಮೀ. ಅಳತೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದು ಯಾವುದೋ ಒಂದನ್ನು ತರಬೇಡಿ. ರೇಸಿಗೆ ಒಳಸಂದು ಹೆಚ್ಚಿರುವ ಸಿ3 ಅಥವಾ ಸಿ4 ಗುರುತಿನದೇ ಬೇಕು, ಹೆಸರುವಾಸಿ ಕಂಪನಿಯದೇ ಬೇಕು. ಆಯಿಲ್ ಸೀಲು ಶಾಖ ತಡೆಯುವ ವಿಟಾನ್ ಬಗೆಯದು ಹಾಕಿ.

ಹೆಡ್ಡು ಮತ್ತು ಸ್ಕ್ವಿಷ್

ಕಿಟ್ಟಿನ ಜೊತೆ ಬಂದ ಹೆಡ್ಡು (ಸಿಲಿಂಡರಿನ ಮೇಲಿನ ಮುಚ್ಚಳ) ಸಾಮಾನ್ಯವಾಗಿ ಸಾಕು. ಬೇರೆ ಕೊಳ್ಳುವ ಮೊದಲು ಇದ್ದದ್ದನ್ನು ಅಳೆಯಿರಿ. ಪ್ಲಗ್ ತೂತಿನಿಂದ ಬೆಸುಗೆ ತಂತಿ ಒಳಗೆ ಬಿಟ್ಟು, ಅದರ ತುದಿ ಪಿನ್ನಿನ ನೇರಕ್ಕೆ ಸಿಲಿಂಡರ್ ಗೋಡೆಗೆ ತಾಕುವಂತೆ ಹಿಡಿದು, ಕ್ರ್ಯಾಂಕು ಕೈಯಿಂದ ತಿರುಗಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆದರೆ ಅದೇ ಸ್ಕ್ವಿಷ್ ಸಂದು, ಅಂದರೆ ಪಿಸ್ಟನ್ ತುದಿಗೇರಿದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ. ಎರಡೂ ಬದಿ ಅಳೆಯಿರಿ. ಈ ಅಳತೆಯ ಎಂಜಿನ್‌ಗೆ 0.7ರಿಂದ 0.9 ಮಿ.ಮೀ. ನನಗೆ ಸಮಾಧಾನದ ಸಂಖ್ಯೆ. 1.2ರಷ್ಟಾದರೆ ಅಂಚಿನಲ್ಲಿ ಉಳಿದ ಮಿಶ್ರಣ ಸರಿಯಾಗಿ ಉರಿಯದೆ ನಾಕಿಂಗ್ ಆಗುತ್ತದೆ. ತೀರ ಬಿಗಿಯಾದರೆ ಹೆಚ್ಚು ಆರ್‌ಪಿಎಂನಲ್ಲಿ ರಾಡು ಹಿಗ್ಗಿ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ.

ಸಂದು ಕಡಿಮೆ ಮಾಡುವಾಗ ಕಂಪ್ರೆಷನ್ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ. 47.6 ಬೋರಿಗೆ, ಹೆಡ್ಡಿನ ಗುಂಡಿಯ ಜಾಗ 5.5 ಸಿಸಿ ಇದ್ದರೆ ಅನುಪಾತ 13.7. ಅದರ ಮೇಲೆ 0.3 ಮಿ.ಮೀ. ಪ್ಯಾಕಿಂಗ್ ತೆಗೆದರೆ ಅರ್ಧ ಸಿಸಿ ಕಡಿಮೆಯಾಗಿ ಅನುಪಾತ 15ಕ್ಕೆ ಹಾರುತ್ತದೆ. ಕೂದಲಿನಷ್ಟು ಎನಿಸುವ ದಪ್ಪಕ್ಕೆ ಇಷ್ಟು ಏರಿಕೆ! ಇನ್ನೊಂದು ವಿಷಯ: ಆ 0.3ನ್ನು ಹೆಡ್ಡಿನ ಕಡೆಯಿಂದ ತೆಗೆದರೆ ಪೋರ್ಟುಗಳು ಇದ್ದಲ್ಲೇ ಇರುತ್ತವೆ. ಸಿಲಿಂಡರಿನ ಬುಡದಿಂದ ತೆಗೆದರೆ ಸಿಲಿಂಡರೇ ಕೆಳಗಿಳಿದು ಎಕ್ಸಾಸ್ಟ್ ಸುಮಾರು ಒಂದೂವರೆಯಿಂದ ಎರಡು ಡಿಗ್ರಿ ಕಡಿಮೆಯಾಗುತ್ತದೆ. ಇದನ್ನು ತಿಳಿದು ಬಳಸಿಕೊಂಡರೆ ಪೋರ್ಟು ಉಜ್ಜದೆಯೇ ಎಂಜಿನ್‌ನ ಗುಣವನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಬಹುದು.

ಕಾರ್ಬೊರೇಟರ್, ರೀಡು

ದೊಡ್ಡ ಕಾರ್ಬೊರೇಟರ್ ಶಕ್ತಿ ಕೊಡುವುದಿಲ್ಲ; ಎಂಜಿನ್ ಕೇಳಿದ ಗಾಳಿಗೆ ಅಡ್ಡ ಬರುವುದಿಲ್ಲ, ಅಷ್ಟೇ. 70 ಸಿಸಿ, 10,000 ಆರ್‌ಪಿಎಂಗೆ ಡೆಲ್ಲೋರ್ಟೊ ಪಿಎಚ್‌ಬಿಜಿ ಬಗೆಯ 17.5 ಅಥವಾ 19 ಮಿ.ಮೀ. ಧಾರಾಳ. ನಮ್ಮ 11,500ಕ್ಕೆ 21 ಮಿ.ಮೀ. ಇದೆ. 24ರಿಂದ 28 ಮಿ.ಮೀ. 13,000ದ ಮೇಲಿನವರಿಗೆ. ವೇರಿಯೇಟರ್ ಇರುವುದರಿಂದ ಸ್ಕೂಟರಿನ ಎಂಜಿನ್ ಗೇರು ಬೈಕಿನಂತೆ ಪದೇಪದೇ ಕೆಳಗಿನ ಆರ್‌ಪಿಎಂಗೆ ಬೀಳುವುದಿಲ್ಲ. ಹಾಗಾಗಿ ಅಷ್ಟೇ ಸಿಸಿಯ ಗೇರು ಬೈಕಿಗಿಂತ ಒಂದಳತೆ ದೊಡ್ಡದನ್ನು ಅದು ತಡೆದುಕೊಳ್ಳುತ್ತದೆ. ಆದರೂ ಬಿಗಿ ತಿರುವಿನಿಂದ ಹೊರಡುವಾಗ ದೊಡ್ಡ ಬಾಯಿಯಲ್ಲಿ ಗಾಳಿಯ ವೇಗ ಸಾಲದೆ ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಕೊಳ್ಳಿ.

ಕಾರ್ಬೊರೇಟರಿನ ಜೊತೆಗೆ, ತೂತಿನ ಮೂಲಕ ಪೆಟ್ರೋಲ್ ಅಳೆದು ಬಿಡುವ ಜೆಟ್ಟುಗಳ ಸೆಟ್ಟನ್ನೂ ಕೊಳ್ಳಿ. ಜೆಟ್ಟಿಲ್ಲದ ಕಾರ್ಬೊರೇಟರ್ ಅರ್ಧ ಸಾಮಾನು. ಡೆಲ್ಲೋರ್ಟೊ ಜೆಟ್ಟಿನ ಮೇಲಿನ ಅಂಕಿ ತೂತಿನ ವ್ಯಾಸ, ನೂರನೇ ಮಿಲಿಮೀಟರಿನಲ್ಲಿ; 85 ಎಂದರೆ 0.85 ಮಿ.ಮೀ. ತೂತಿನ ವಿಸ್ತಾರ ವ್ಯಾಸದ ವರ್ಗದ ಲೆಕ್ಕದಲ್ಲಿ ಏರುವುದರಿಂದ 85ರಿಂದ 90ಕ್ಕೆ ಹೋದರೆ ಪೆಟ್ರೋಲ್ ಶೇ. 12ರಷ್ಟು ಹೆಚ್ಚುತ್ತದೆ. ಮಿಕುನಿಯ ಷಟ್ಕೋನ ಜೆಟ್ಟುಗಳ ಅಂಕಿ ಹರಿವಿನ ಲೆಕ್ಕದ್ದು, ಆದ್ದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ.

ರೀಡಿನ ಎಲೆಗಳು ಫೈಬರ್ ಗ್ಲಾಸಿನವು, ಕಾರ್ಬನ್ನಿನವು ಎಂದು ಎರಡು ಬಗೆ. ಕಾರ್ಬನ್ ಹಗುರ ಮತ್ತು ಗಡಸು, ಹೆಚ್ಚು ಆರ್‌ಪಿಎಂನಲ್ಲಿ ಅದುರದೆ ಮುಚ್ಚಿಕೊಳ್ಳುತ್ತದೆ. ತುದಿಯಲ್ಲಿ ಸಿಬಿರೆದ್ದ ಎಲೆಯನ್ನು ಒಂದು ದಿನವೂ ಓಡಿಸಬೇಡಿ. ಬೆಳಕಿಗೆ ಹಿಡಿದು ನೋಡಿದಾಗ ಎಲೆಗೂ ಬ್ಲಾಕಿಗೂ ನಡುವೆ ಗೆರೆ ಕಾಣಬಾರದು.

ಇಗ್ನಿಷನ್ ಮತ್ತು ಪ್ಲಗ್

ಕಂಪನಿಯ ಸಿಡಿಐ (ಕಿಡಿ ಹೊತ್ತಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಎಷ್ಟೋ ಗಾಡಿಗಳಲ್ಲಿ ಆರ್‌ಪಿಎಂಗೆ ತಡೆ ಹಾಕಿರುತ್ತದೆ. ತಡೆಯಿಲ್ಲದ ಸಿಡಿಐ ಹಾಕಿದರೆ 11,500ರವರೆಗಿನ ಎಂಜಿನ್‌ಗೆ ಮೂಲ ಮ್ಯಾಗ್ನೆಟ್ಟೇ ನಡೆಯುತ್ತದೆ. ಸುರುಳಿಗಳ ಒಳಗೆ ಚಿಕ್ಕ ಮ್ಯಾಗ್ನೆಟ್ ತಿರುಗುವ ಇನ್ನರ್ ರೋಟರ್ ಇಗ್ನಿಷನ್ ದುಬಾರಿ. ಅದರ ಹಗುರ ರೋಟರಿನಿಂದ ಎಂಜಿನ್ ಚುರುಕಾಗಿ ಏರುತ್ತದೆ, ಕ್ರ್ಯಾಂಕಿನ ತುದಿಯ ಮೇಲೆ ಭಾರ ಕಡಿಮೆ. 13,000ದವರಿಗೆ ಅದು ಬೇಕೇ ಬೇಕು. ಒಳ್ಳೆಯ ಇಗ್ನಿಷನ್ ಮೇಲಿನ ಆರ್‌ಪಿಎಂನಲ್ಲಿ ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ. ಆಗ ಪೈಪಿಗೆ ಹೋಗುವ ಗ್ಯಾಸು ಬಿಸಿಯಾಗಿ, ಅಲೆಯ ವೇಗ ಏರಿ, ಪೈಪು ಇನ್ನಷ್ಟು ಮೇಲಿನ ಆರ್‌ಪಿಎಂವರೆಗೆ ಕೆಲಸ ಮಾಡುತ್ತದೆ.

ಪ್ಲಗ್ ವಿಷಯ ಬೇಗ ಮುಗಿಯುತ್ತದೆ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟು ಪ್ಲಗ್ ತಂಪು, ಅಂದರೆ ಶಾಖ ಬೇಗ ಬಿಟ್ಟುಕೊಡುವಂಥದ್ದು: ಬಿಆರ್8ಎಚ್‌ಎಸ್‌ನಿಂದ ಶುರು ಮಾಡಿ, ರೇಸಿಗೆ 9 ಅಥವಾ 10. ಬಾಷ್‌ನಲ್ಲಿ ಲೆಕ್ಕ ತಿರುಗುಮುರುಗು. ಪ್ಲಗ್ಗಿನ ತಿರುಪು ಭಾಗದ ಉದ್ದ ಹೆಡ್ಡಿಗೆ ಹೊಂದಬೇಕು: ಎಚ್ ಬಗೆಯದು 12.7 ಮಿ.ಮೀ., ಇ ಬಗೆಯದು 19 ಮಿ.ಮೀ. ಉದ್ದದ್ದನ್ನು ಗಿಡ್ಡ ಹೆಡ್ಡಿಗೆ ಹಾಕಿದರೆ ಪಿಸ್ಟನ್ನಿಗೆ ಬಡಿಯುತ್ತದೆ.

ವೇರಿಯೇಟರ್: ಅಂಕಿಯನ್ನು ಹಿಡಿದಿಡುವವನು

ಇಷ್ಟೆಲ್ಲ ಮಾಡಿದ ಎಂಜಿನ್ನನ್ನು 11,500ರಲ್ಲಿ ಹಿಡಿದಿಡುವುದು ವೇರಿಯೇಟರ್. ಸರಿಯಾಗಿ ಹೊಂದಿಸಿದ ಗಾಡಿ ಹೊರಟ ಮೇಲೆ ಆರ್‌ಪಿಎಂ ಮೀಟರಿನ ಮುಳ್ಳು ಒಂದೇ ಕಡೆ ನಿಂತು, ವೇಗ ಮಾತ್ರ ಏರುತ್ತ ಹೋಗಬೇಕು. ಈ ಕಾರಣಕ್ಕೆ ನಾನು ಹೇಳುವುದು: ಹಣ ಒಂದಕ್ಕೇ ಇದ್ದರೆ ಸಿಲಿಂಡರಿಗಿಂತ ಮೊದಲು ವೇರಿಯೇಟರ್ ಹೊಂದಿಸಿ. ಕಂಪನಿಯ ಎಂಜಿನ್ನೂ ಅದರ ಶಕ್ತಿಯ ಜಾಗದಲ್ಲಿ ನಿಂತರೆ ಬೇರೆ ಗಾಡಿಯಾಗುತ್ತದೆ.

ರೋಲರುಗಳ ಅಳತೆ ಗಾಡಿಗೆ ಗಾಡಿಗೆ ಬೇರೆ: ಮಿನರೆಲ್ಲಿಗೆ 15×12 ಮಿ.ಮೀ., ಹೋಂಡಾ ಮತ್ತು ಕಿಮ್ಕೊ ಬಗೆಗೆ 16×13. ತೂಕ ಕಡಿಮೆಯಾದರೆ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ನಿಲ್ಲುತ್ತದೆ. ಎಷ್ಟು ಕಡಿಮೆ ಎಂಬುದಕ್ಕೂ ಲೆಕ್ಕ ಇದೆ, ಕಣ್ಣುಮುಚ್ಚಿ ಕೊಳ್ಳಬೇಕಿಲ್ಲ. ರೋಲರಿನ ತಳ್ಳುವ ಬಲ ತೂಕಕ್ಕೂ ಆರ್‌ಪಿಎಂನ ವರ್ಗಕ್ಕೂ ತಕ್ಕಂತೆ ಇರುತ್ತದೆ. 6 ಗ್ರಾಂ ರೋಲರಿನಲ್ಲಿ ಮುಳ್ಳು 10,500ರಲ್ಲಿ ನಿಂತಿದೆ, ನಮಗೆ 11,500 ಬೇಕು ಎಂದಾದರೆ, 10,500ನ್ನು 11,500ರಿಂದ ಭಾಗಿಸಿ, ವರ್ಗ ಮಾಡಿ, 6ರಿಂದ ಗುಣಿಸಿ. ಬರುವುದು 5 ಗ್ರಾಂ. ಅದರ ಜೊತೆಗೆ 4.5 ಮತ್ತು 5.5 ಗ್ರಾಮಿನ ಸೆಟ್ಟುಗಳನ್ನೂ ತನ್ನಿ. ಒಂದು ಸೆಟ್ಟಿನಲ್ಲಿ ಎರಡು ತೂಕ ಬೆರೆಸಬೇಕಾದರೆ ಒಂದು ಬಿಟ್ಟು ಒಂದರಂತೆ ಸಮನಾಗಿ ಕೂರಿಸಿ.

ಹಿಂದಿನ ಪುಲ್ಲಿಯ ದೊಡ್ಡ ಸ್ಪ್ರಿಂಗನ್ನು ಗಡಸು ಮಾಡಿಯೂ ಆರ್‌ಪಿಎಂ ಏರಿಸಬಹುದು, ಆದರೆ ಅದರ ನಿಜವಾದ ಕೆಲಸ ಬೆಲ್ಟು ಜಾರದಂತೆ ಹಿಂಡಿ ಹಿಡಿಯುವುದು, ತಿರುವಿನಿಂದ ಹೊರಡುವಾಗ ಪುಲ್ಲಿಯನ್ನು ಬೇಗ ಹಿಂದಕ್ಕೆ ತರುವುದು. ಬೇಕಾದ್ದಕ್ಕಿಂತ ಗಡಸಾದರೆ ಬೆಲ್ಟು ಕಾದು ಶಕ್ತಿ ತಿನ್ನುತ್ತದೆ. ಬೆಲ್ಟು ಜಾರದಷ್ಟು ಮಾತ್ರ ಗಡಸಾದ ಸ್ಪ್ರಿಂಗ್ ಹಾಕಿ, ಆರ್‌ಪಿಎಂ ಹೊಂದಿಸುವುದನ್ನು ರೋಲರಿಗೆ ಬಿಡಿ. ಕ್ಲಚ್ಚಿನ ಚಿಕ್ಕ ಸ್ಪ್ರಿಂಗುಗಳು ಪೈಪು ಎಚ್ಚರಗೊಳ್ಳುವ ಆರ್‌ಪಿಎಂನಲ್ಲಿ ಹಿಡಿಯುವಂತಿರಲಿ.

ಕೊನೆಗೆ ಹಿಂದಿನ ಗೇರು, ಅಂದರೆ ಹಿಂಚಕ್ರಕ್ಕೆ ಹೋಗುವ ಮುನ್ನ ಸುತ್ತು ಇಳಿಸುವ ಹಲ್ಲುಚಕ್ರಗಳು. 100/90-10 ಟೈರು ಒಂದು ಸುತ್ತಿಗೆ ಸುಮಾರು 1.36 ಮೀಟರ್ ಹೋಗುತ್ತದೆ. ವೇರಿಯೇಟರ್ ಪೂರ್ತಿ ತೆರೆದಾಗ ಅನುಪಾತ 0.8, ಗೇರು 11 ಎಂದಾದರೆ 11,500 ಆರ್‌ಪಿಎಂಗೆ ಗಂಟೆಗೆ ಸುಮಾರು 107 ಕಿ.ಮೀ. ನಿಮ್ಮ ಟ್ರ್ಯಾಕಿನ ಅತಿ ಉದ್ದದ ನೇರದ ಕೊನೆಯಲ್ಲಿ ಅಷ್ಟು ವೇಗ ಬರುವುದೇ ಇಲ್ಲವೆಂದರೆ ಗೇರು ಬಹಳ ಉದ್ದವಾಯಿತು. ವೇರಿಯೇಟರ್ ಅರ್ಧವೇ ತೆರೆದು ಅಲ್ಲೇ ಉಳಿಯುತ್ತದೆ. ಗಿಡ್ಡ ಗೇರು, ಅಂದರೆ 11ಕ್ಕಿಂತ ದೊಡ್ಡ ಅನುಪಾತದ್ದು, ಹಾಕಿ.

ಜೋಡಿಸಿದ ಮೇಲೆ

ಸ್ಟಾರ್ಟ್ ಮಾಡುವ ಮೊದಲು ಎಕ್ಸಾಸ್ಟ್ ಮತ್ತು ಕಾರ್ಬೊರೇಟರ್ ಬಾಯಿ ಮುಚ್ಚಿ ಕ್ರ್ಯಾಂಕ್‌ಕೇಸಿಗೆ 0.4 ಬಾರ್ ಒತ್ತಡ ಹಾಕಿ, ಗೇಜಿನ ಮುಳ್ಳು ನಿಲ್ಲುತ್ತದೆಯೇ ನೋಡಿ. ಇಳಿದರೆ ಸೋಪಿನ ನೊರೆ ಹಚ್ಚಿ ಸೋರುವ ಜಾಗ ಹುಡುಕಿ. ಸೋರುವ ಸೀಲಿನಿಂದ ಗಾಳಿ ಎಳೆಯುವ ಎಂಜಿನ್‌ಗೆ ಯಾವ ಜೆಟ್ಟೂ ಹೊಂದುವುದಿಲ್ಲ, ಸೀಜ್ ಆಗುವುದೊಂದೇ ಅದರ ದಾರಿ.

ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ; ಮೂಲ ಆಯಿಲ್ ಪಂಪು ಈ ಆರ್‌ಪಿಎಂಗೆ ಅಳತೆ ಮಾಡಿದ್ದಲ್ಲ. ನಾನು ಶೇ. 4ರಲ್ಲಿ ಪಳಗಿಸಿ ಶೇ. 3ರಲ್ಲಿ ಓಡಿಸುತ್ತೇನೆ. ಎಣ್ಣೆ ಹೆಚ್ಚಿಸಿದರೆ ಅದೇ ಜೆಟ್ಟಿನಲ್ಲಿ ಬರುವ ಪೆಟ್ರೋಲ್ ಅಷ್ಟು ಕಡಿಮೆ ಎಂಬುದು ನೆನಪಿರಲಿ. ಬೆರಕೆ ಬದಲಿಸಿದಾಗ ಜೆಟ್ಟನ್ನೂ ನೋಡಬೇಕು.

ದೊಡ್ಡ ಜೆಟ್ಟಿನಿಂದ ಶುರು ಮಾಡಿ ಒಂದೊಂದೇ ಅಳತೆ ಇಳಿಯಿರಿ. ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಗದ್ಗದಿಸುವುದು ನಿಂತು ಸ್ವಚ್ಛವಾಗಿ ಎಳೆದಾಗ ನಿಲ್ಲಿಸಿ, ನೇರದ ಕೊನೆಯಲ್ಲಿ ಎಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಮುಂಜಾನೆಯ ತಂಪು ಗಾಳಿ ಸಾಂದ್ರ, ಅದಕ್ಕೆ ಪೆಟ್ರೋಲ್ ಹೆಚ್ಚು ಬೇಕು. ಮಧ್ಯಾಹ್ನಕ್ಕೆ ಸರಿಯಿದ್ದ ಜೆಟ್ಟು ಮರುದಿನ ಬೆಳಗಿನ ಮೊದಲ ಓಟಕ್ಕೆ ಚಿಕ್ಕದಾಗಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಜೆಟ್ಟು ಬದಲಿಸಿದ ಓಟದಲ್ಲಿ ರೋಲರು ಮುಟ್ಟಬೇಡಿ.

ರೇಸಿನ ದಿನದ ಪೆಟ್ಟಿಗೆಯಲ್ಲಿ ಇವಿರಲಿ: ಮೂರು ತೂಕದ ರೋಲರು, ಎರಡು ಅಳತೆ ಮೇಲಿನ ಮತ್ತು ಎರಡು ಅಳತೆ ಕೆಳಗಿನ ಜೆಟ್ಟು, ಒಂದು ಬೆಲ್ಟು, ಎರಡು ಪ್ಲಗ್, ಅದೇ ಅಕ್ಷರದ ಪಿಸ್ಟನ್ನು ರಿಂಗಿನ ಸಮೇತ, ಪ್ಯಾಕಿಂಗುಗಳು, ಹೊಸ ಪಿನ್ ಲಾಕುಗಳು. ಒಮ್ಮೆ ಬಿಚ್ಚಿದ ಪಿನ್ ಲಾಕನ್ನು ಮತ್ತೆ ಹಾಕಬೇಡಿ, ಅದು ನೋಡಲು ಎಷ್ಟೇ ಚೆನ್ನಾಗಿದ್ದರೂ.